ಭಾವನವರನ್ನು ಬ್ಲಾಕ್ ಮಾಡಿದರೆ ಆನೆ ಸುದ್ದಿ ನಿಲ್ಲುತ್ತದಾ?

ಪ್ರಶ್ನೆ: ಹೆಗ್ಗದ್ದೆ ಕಡೆ ನಮ್ಮದು ಚಿಕ್ಕ ಕಾಫಿ ತೋಟ. ಯಜಮಾನರಿಗೆ ಹಾಸನದಲ್ಲಿ ಕೆಲಸ, ತೋಟ ನೋಡಿಕೊಳ್ಳುವವಳು ನಾನೇ. ಪಾಲಾದಾಗಿನಿಂದ ಭಾವನವರಿಗೆ ನನ್ನ ಮೇಲೆ ಸಿಟ್ಟು. ತಮ್ಮನಿಗೆ ಏನೂ ಹೇಳುವುದಿಲ್ಲ. ರಾತ್ರಿ ಹತ್ತಾದ ಮೇಲೆ ನನಗೆ ವಾಟ್ಸ್ಆ್ಯಪ್‌ನಲ್ಲಿ ‘ಬಂದವಳು ಮನೆ ಒಡೆದಳು’ ಎಂದು ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಸ್ಟೇಟಸ್‌ನಲ್ಲೂ ಹೆಸರು ಹೇಳದೆ ಚುಚ್ಚುತ್ತಾರೆ. ಬ್ಲಾಕ್ ಮಾಡೋಣವೆಂದರೆ ಅವರ ತೋಟ ಕಾಡಿನ ಅಂಚಿಗಿದೆ, ಆನೆ ಇಳಿದರೆ ಮೊದಲು ಗೊತ್ತಾಗುವುದು ಅವರಿಗೇ. ಊರಿನ ಆನೆ ಗ್ರೂಪಿನಲ್ಲಿ ಮೊದಲು ಹಾಕುವವರೂ ಅವರೇ. ಅದನ್ನು ನೋಡಿಕೊಂಡೇ ಬೆಳಗ್ಗೆ ಆಳುಗಳನ್ನು ತೋಟಕ್ಕೆ ಬಿಡುತ್ತೇನೆ. ಬ್ಲಾಕ್ ಮಾಡಿದರೆ ಆ ಸುದ್ದಿಯೂ ನಿಲ್ಲುತ್ತದಾ? ಅವರಿಗೆ ಗೊತ್ತಾಗುತ್ತದಾ? ಅತ್ತೆ ಇರುವುದು ಅವರ ಮನೆಯಲ್ಲೇ.
– ಹೆಸರು ಬೇಡ, ಹೆಗ್ಗದ್ದೆ

ಉತ್ತರ: ಮೊದಲು ಆನೆಯ ವಿಷಯ ಮುಗಿಸೋಣ. ನಿಲ್ಲುವುದಿಲ್ಲ. ವಾಟ್ಸ್ಆ್ಯಪ್‌ನ ಬ್ಲಾಕ್ ನಿಮ್ಮಿಬ್ಬರ ನಡುವಿನ ಮೆಸೇಜು, ಕರೆ, ಸ್ಟೇಟಸ್‌ಗೆ ಮಾತ್ರ. ಇಬ್ಬರೂ ಇರುವ ಗ್ರೂಪಿನಲ್ಲಿ ಅವರು ಹಾಕಿದ್ದು ನಿಮಗೆ, ನೀವು ಹಾಕಿದ್ದು ಅವರಿಗೆ ಕಾಣುತ್ತಲೇ ಇರುತ್ತದೆ. ಇದು ಸರಿಯಲ್ಲ, ಬ್ಲಾಕ್ ಆದವನ ಮಾತು ಎಲ್ಲೂ ಕಾಣಬಾರದು ಎನ್ನುವವರಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪಿಗೆ ಆ ವಾದ ಒಪ್ಪಬಹುದು, ನಿಮ್ಮ ಸೀಮೆಗೆ ನಾನು ಒಪ್ಪಲಾರೆ. ಎಂಟು ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನನನ್ನೇ ನಿಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲಿ 2023ರ ಡಿಸೆಂಬರ್ 4ರಂದು ಕಾಡಾನೆ ಕೊಂದಿತು. ಅಂಥಲ್ಲಿ ಆನೆ ಎಲ್ಲಿದೆ ಎಂಬ ಒಂದು ಸಾಲನ್ನು ಬರೆದವರು ಯಾರೇ ಆಗಿರಲಿ, ಅದು ನಿಮ್ಮ ಕಣ್ಣಿಗೆ ಬೀಳಲೇಬೇಕು.

ಇನ್ನು ಅವರಿಗೆ ಗೊತ್ತಾಗುವ ವಿಚಾರ. ‘ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ’ ಎಂದು ವಾಟ್ಸ್ಆ್ಯಪ್ ಯಾರಿಗೂ ಹೇಳುವುದಿಲ್ಲ. ಆದರೆ ಅವರು ಕಳಿಸಿದ್ದಕ್ಕೆ ಒಂದೇ ಟಿಕ್ ನಿಲ್ಲುತ್ತದೆ, ನೀವು ಕೊನೆಗೆ ಯಾವಾಗ ನೋಡಿದಿರಿ ಎಂಬುದು ಮಾಯವಾಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಮಲಗಿದರೆ ನಿಮ್ಮ ಕಡೆ ಎಲ್ಲರದ್ದೂ ಒಂದೇ ಟಿಕ್ ನಿಜ. ಆದರೆ ಅದೇ ಹೊತ್ತಿಗೆ ನೀವು ಗ್ರೂಪಿನಲ್ಲಿ ಮಾತಾಡಿದರೆ ಗುಟ್ಟು ರಟ್ಟು. ಗೊತ್ತಾಗುತ್ತದೆ ಎಂದೇ ತಿಳಿದು ಮಾಡಿ.

ಮ್ಯೂಟ್ ಮಾಡಿದರೆ ಸಾಕಲ್ಲವೇ, ಹಿರಿಯರು ಬೇರೆ, ಎಂದು ನಿಮಗೆ ಹಲವರು ಹೇಳಿಯಾರು. ಮ್ಯೂಟ್ ಮಾಡಿದ್ದು ಅವರಿಗೆ ತಿಳಿಯುವುದಿಲ್ಲ, ಎಂಟು ಗಂಟೆಗೋ ವಾರಕ್ಕೋ ಸದಾಕಾಲಕ್ಕೋ ಇಡಬಹುದು. ಆದರೆ ಫೋನ್ ಸದ್ದು ಮಾಡುವುದಿಲ್ಲ ಅಷ್ಟೇ, ಮಾತು ಬಂದು ಕೂತಿರುತ್ತದೆ. ಮಲಗುವ ಮೊದಲು ಅದನ್ನು ಒತ್ತಿ ಕೇಳದೆ ಇರಬಲ್ಲಿರಾ? ನನಗೆ ಅನುಮಾನ. 2019ರಲ್ಲಿ ಇನ್‌ಸ್ಟಾಗ್ರಾಮ್ ‘ರಿಸ್ಟ್ರಿಕ್ಟ್’ ಎಂಬ ನಡುದಾರಿ ತಂದಿತು: ಎದುರಿನವರ ಮೆಸೇಜು ಪಕ್ಕದ ಪೆಟ್ಟಿಗೆಗೆ ಹೋಗುತ್ತದೆ, ನೀವು ಓದಿದಿರೋ ಇಲ್ಲವೋ ಅವರಿಗೆ ತಿಳಿಯುವುದಿಲ್ಲ. ಭಾವ-ಅತ್ತಿಗೆ-ನಾದಿನಿ ಎಲ್ಲರೂ ತುಂಬಿರುವ ವಾಟ್ಸ್ಆ್ಯಪ್‌ಗೇ ಅದು ಹೆಚ್ಚು ಬೇಕಿತ್ತು.

ನನ್ನ ಸಲಹೆ, ಬ್ಲಾಕ್ ಮಾಡಿ. ತಮ್ಮನಿಗೆ ಹೇಳದ್ದನ್ನು ತಮ್ಮನ ಹೆಂಡತಿಗೆ, ಅದೂ ಅವಳು ಒಬ್ಬಳೇ ಇರುವ ಹೊತ್ತು ನೋಡಿ ಹೇಳುವುದರಲ್ಲಿ ಹಿರಿತನ ಎಲ್ಲಿದೆ? ಪಾಲಿನ ತಕರಾರು ಅಣ್ಣತಮ್ಮಂದಿರದ್ದು. ಹಾಗಾಗಿ ಮೊದಲು ಯಜಮಾನರನ್ನು ಕೂರಿಸಿ ಆ ಧ್ವನಿಗಳನ್ನೆಲ್ಲ ಕೇಳಿಸಿ. ಆಮೇಲೆ ಭಾವನವರಿಗೆ ಒಂದೇ ಮೆಸೇಜ್: ‘ಭಾವ, ಜಮೀನಿನ ಮಾತಿದ್ದರೆ ಹಗಲು ಇವರಿಗೆ ಫೋನ್ ಮಾಡಿ. ರಾತ್ರಿ ನನಗೆ ವಾಯ್ಸ್ ಕಳಿಸಬೇಡಿ.’ ಮತ್ತೆ ಬಂದರೆ ಬ್ಲಾಕ್. ಹಳೆಯ ಚಾಟ್ ಅಳಿಸಬೇಡಿ. ಬ್ಲಾಕ್ ಮಾಡಿದರೂ ಅದು ಹಾಗೇ ಉಳಿಯುತ್ತದೆ. ಮಾತು ಬೆದರಿಕೆಗೆ ತಿರುಗಿದರೆ ಠಾಣೆಯಲ್ಲಿ ಅದೇ ಬೇಕಾಗುವುದು.

ಎರಡು ವಿಷಯ ನೆನಪಿರಲಿ. ಬ್ಲಾಕ್ ಇದ್ದಾಗ ಅವರು ನಿಮಗೆ ನೇರವಾಗಿ ಕಳಿಸಿದ್ದು, ನೀವು ಮುಂದೆಂದೋ ಬ್ಲಾಕ್ ತೆಗೆದರೂ ಬರುವುದಿಲ್ಲ. ಆದರೆ ಫೋನಿನ ಮಾಮೂಲಿ ಕರೆಗೂ ವಾಟ್ಸ್ಆ್ಯಪ್ ಬ್ಲಾಕಿಗೂ ಸಂಬಂಧವಿಲ್ಲ. ನಿಮ್ಮ ತೋಟಕ್ಕೆ ಆನೆ ನುಗ್ಗಿತೆಂದರೆ ಅವರು ಕರೆ ಮಾಡಬಹುದು. ಆ ದಾರಿ ತೆರೆದಿಡಿ. ಸ್ಟೇಟಸ್ ಕಾಟ ಬ್ಲಾಕಿನಿಂದಲೇ ತಪ್ಪುತ್ತದೆ. ಆದರೆ ಅದರ ಸ್ಕ್ರೀನ್‌ಶಾಟ್ ತಂದು ‘ನೋಡೇ, ಏನ್ ಹಾಕವ್ರೆ’ ಎನ್ನುವ ನೆಂಟರು ಇದ್ದೇ ಇರುತ್ತಾರೆ, ಅವರನ್ನು ಮ್ಯೂಟ್ ಮಾಡಲು ಇನ್ನೂ ಬಟನ್ ಬಂದಿಲ್ಲ. ನನಗೆ ಕಳಿಸಬೇಡ ಎಂದು ಬಾಯಿಬಿಟ್ಟೇ ಹೇಳಬೇಕು.

ನನ್ನನ್ನು ಹೆಚ್ಚು ಹೆದರಿಸುವುದು ನಿಮ್ಮ ಭಾವನವರಲ್ಲ, ಆ ಆನೆ ಗ್ರೂಪು. ಇಂಥ ಗ್ರೂಪುಗಳಲ್ಲಿ ಬೆಳಗಾದರೆ ಗುಡ್ ಮಾರ್ನಿಂಗ್ ಹೂವು, ದೇವರ ಪಟ, ಕಾಫಿ ರೇಟು. ಬೇಸತ್ತ ಅರ್ಧ ಊರು ಅದನ್ನು ಮ್ಯೂಟ್ ಮಾಡಿ ಇಟ್ಟಿರುತ್ತದೆ. ಆನೆ ದಾಟಿ ಹೋದ ಮೇಲೆ ಸುದ್ದಿ ಓದುತ್ತದೆ. ಅಡ್ಮಿನ್‌ಗೆ ಹೇಳಿ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಲಿ, ಕಾಡಂಚಿನ ತೋಟದವರನ್ನೆಲ್ಲ ಅಡ್ಮಿನ್ ಮಾಡಲಿ. ನಿಮ್ಮ ಭಾವನವರನ್ನೂ. ಹರಟೆಗೆ ಬೇರೆ ಗ್ರೂಪಿರಲಿ. ನಿಮ್ಮ ಫೋನಿನಲ್ಲಿ ಆನೆ ಗ್ರೂಪಿಗೆ ಬೇರೆಯದೇ ರಿಂಗ್‌ಟೋನ್ ಇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ವಲಯ ಕಚೇರಿಯ ನಂಬರು, ಎರಡನ್ನೂ ಸೇವ್ ಮಾಡಿ, ಇಲಾಖೆಯ ಎಸ್ಸೆಮ್ಮೆಸ್ ಪಟ್ಟಿಗೆ ನಿಮ್ಮ ನಂಬರನ್ನೂ ಸೇರಿಸಲು ಕೇಳಿ. ಆಳುಗಳ ಜೀವ ಒಬ್ಬರ ಮರ್ಜಿಯ ಮೇಲೆ ನಿಲ್ಲಬಾರದು.

ಅತ್ತೆಯವರ ಬಳಿ ಸ್ವಂತ ಫೋನ್ ಇಲ್ಲದಿದ್ದರೆ ಒಂದು ಬಟನ್ ಫೋನ್ ತಂದುಕೊಡಿ. ಮಗನ ಫೋನಿಗಾಗಿ ಅವರೂ ಕಾಯಬೇಕಿಲ್ಲ, ಅವರ ಜೊತೆ ಮಾತಾಡಲು ನೀವೂ ಭಾವನವರನ್ನು ಕೇಳಬೇಕಿಲ್ಲ.