ಕೈಗೆ ಸಿಗದ ಗಂಟು

ತಮ್ಮಂದಿರಾ, ಜೈನಾಪುರದ ಕಟ್ಟೆಯ ಮೇಲೆ ಕುಳಿತು ನೀವು ಅಂಗೈಯಲ್ಲಿ ಸುಣ್ಣ-ತಂಬಾಕು ತಿಕ್ಕುವುದನ್ನು ದಿನಾ ನೋಡುತ್ತೇನೆ. ನನ್ನ ಕೈಯೂ ಮೂವತ್ತು ವರ್ಷ ಅದನ್ನೇ ಮಾಡಿದೆ. ಬಿಡಿರಿ ಎಂದು ಕೈಮುಗಿದು ಹೇಳುತ್ತೇನೆ. ಅದರ ಜೊತೆಗೆ ಇನ್ನೊಂದು ಮಾತಿದೆ, ಕೇಳಿರಿ.

ನನ್ನ ನಾಲಿಗೆಯ ಅಂಚಿಗೆ ಜೋಳದ ಕಾಳಿನಷ್ಟು ಹುಣ್ಣಾಗಿತ್ತು. ಖಾರ ತಾಗಿದರೆ ಚುರ್ ಅನ್ನುತ್ತಿತ್ತು, ಅಷ್ಟೇ. ಚೂರು ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದರು. ಡಾಕ್ಟರು ಗದ್ದದ ಕೆಳಗಿನಿಂದ ಹೆಗಲಿನವರೆಗೆ ಬೆರಳಿಂದ ಒತ್ತಿ ಒತ್ತಿ ನೋಡಿದರು. ಒಂದು ಗಂಟೂ ಸಿಗಲಿಲ್ಲ. ಸ್ಕ್ಯಾನ್‌ನಲ್ಲೂ ಕಾಣಲಿಲ್ಲ. ಆದರೂ ನಾಲಿಗೆಯ ಜೊತೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕು ಎಂದರು. ಮನೆಮಂದಿ ತಿರುಗಿಬಿದ್ದರು: ಇಲ್ಲದ ರೋಗಕ್ಕೆ ಕುತ್ತಿಗೆ ಯಾಕೆ ಕೊಯ್ಯಿಸಬೇಕು?

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಿರಿ. ಎಲೆಯ ಮೇಲೆ ದಾವಣಿ ರೋಗ ಕಂಡ ಮೇಲೆ ಔಷಧ ಹೊಡೆದರೆ ಪಡ ಕೈಬಿಟ್ಟಂತೆಯೇ. ಇದೂ ಹಾಗೆ. ನಾಲ್ಕಾರು ಕೆಟ್ಟ ಕೋಶಗಳು ಗ್ರಂಥಿಯೊಳಗೆ ಸೇರಿಕೊಂಡಿದ್ದರೆ ಬೆರಳಿಗೂ ತಿಳಿಯದು, ಸ್ಕ್ಯಾನಿಗೂ ತಿಳಿಯದು. ತೆಗೆದು, ತೆಳ್ಳಗೆ ಹೆಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗಲೇ ಗೊತ್ತಾಗುವುದು. ನನ್ನ ಗ್ರಂಥಿಗಳ ಪೈಕಿ ಎರಡರಲ್ಲಿ ರೋಗ ಇತ್ತು.

ಗ್ರಂಥಿ ಮೊದಲೇ ತೆಗೆಯುವುದು ಒಳ್ಳೆಯದೆಂದು ಮುಂಬೈಯ ಟಾಟಾ ಆಸ್ಪತ್ರೆಯವರು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಕುತ್ತಿಗೆಯಲ್ಲಿ ಗಂಟು ಕಾಣದ ರೋಗಿಗಳಲ್ಲಿ ಕೆಲವರಿಗೆ ಮೊದಲೇ ಗ್ರಂಥಿ ತೆಗೆದರು, ಉಳಿದವರಿಗೆ ಗಂಟು ಬಂದರೆ ಮಾತ್ರ ತೆಗೆದರು. 2015ರಲ್ಲಿ ಫಲಿತಾಂಶ ಬಂತು: ಮೂರು ವರ್ಷಕ್ಕೆ ಮೊದಲ ಗುಂಪಿನಲ್ಲಿ ಶೇ. 80 ಮಂದಿ ಬದುಕಿದ್ದರು, ಕಾದವರಲ್ಲಿ ಶೇ. 67.5. ರೋಗ ಗ್ರಂಥಿಗೆ ಹಬ್ಬಿರಬಹುದೇ ಎಂಬುದಕ್ಕೆ ಹುಣ್ಣಿನ ಅಗಲಕ್ಕಿಂತ ಅದು ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದು ದೊಡ್ಡ ಸುಳಿವು. ಈಗ ಕೆಲವು ಕಡೆ ಹುಣ್ಣಿನ ಸುತ್ತ ವಿಕಿರಣದ ಔಷಧ ಚುಚ್ಚಿ, ಅದು ಮೊದಲು ತಲುಪುವ ಗ್ರಂಥಿಯನ್ನಷ್ಟೇ ತೆಗೆದು ನೋಡುತ್ತಾರೆ. ಅದರಲ್ಲಿ ರೋಗವಿಲ್ಲದಿದ್ದರೆ ದೊಡ್ಡ ಕೊಯ್ತ ತಪ್ಪುತ್ತದೆ.

ಸುಳ್ಳು ಹೇಳಲಾರೆ, ಕಷ್ಟ ಇದೆ. ಕಿವಿಯ ಕೆಳಗೆ ಇಂದಿಗೂ ಜೋಮು. ಬಲಗೈ ಎತ್ತಿ ತಲೆ ಬಾಚಲು ಹೆಗಲು ಭಾರ. ಆದರೆ ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಾಕಿದ್ದು ಇದೇ ಕೈ.

ಹಾಗಾಗಿ ನಿಮ್ಮ ಅಪ್ಪನದೋ ಕಾಕಾನದೋ ಬಾಯಿಯ ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ನಾಟಿ ಔಷಧ ಹಚ್ಚುತ್ತ ಕೂಡಬೇಡಿರಿ. ವಿಜಯಪುರಕ್ಕೆ ಕರೆದೊಯ್ಯಿರಿ, ಬೇಕಾದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಬೆಂಗಳೂರಿನ ಕಿದ್ವಾಯಿಗೆ. ಡಾಕ್ಟರ ಮುಂದೆ ಸುಮ್ಮನೆ ನಿಲ್ಲದೆ ಎರಡು ಮಾತು ಕೇಳಿರಿ: ಹುಣ್ಣು ಎಷ್ಟು ಆಳ ಇದೆ? ಕುತ್ತಿಗೆಗೆ ಏನು ಮಾಡುತ್ತೀರಿ?