ಶಾಲಾ ದಾಖಲೆ: ಬೀರುವಿನಿಂದ ಕೇಂದ್ರಕ್ಕೆ

ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿಗಳ ಹೆಸರು—ಇವೆಲ್ಲ ಮೊದಲು ಮುಖ್ಯೋಪಾಧ್ಯಾಯರ ಬೀರುವಿನಲ್ಲಿದ್ದ ದಾಖಲಾತಿ ರಿಜಿಸ್ಟರಿನಲ್ಲೇ ಇರುತ್ತಿದ್ದವು. ದೆಹಲಿಗೆ ಮುಟ್ಟುತ್ತಿದ್ದುದು ತರಗತಿವಾರು ಸಂಖ್ಯೆ ಮಾತ್ರ. ಕೇಂದ್ರ ಶಿಕ್ಷಣ ಸಚಿವಾಲಯದ ‘ಯುಡೈಸ್ ಪ್ಲಸ್’ ವ್ಯವಸ್ಥೆಯು 2022-23ರಿಂದ ಒಬ್ಬೊಬ್ಬ ವಿದ್ಯಾರ್ಥಿಯ ವಿವರವನ್ನೂ ಬೇರೆ ಬೇರೆಯಾಗಿ ಪಡೆಯತೊಡಗಿತು. ಶಾಲೆಗೆ 11 ಅಂಕಿಗಳ ಸಂಕೇತ. ವಿದ್ಯಾರ್ಥಿಗೆ, ಪೋಷಕರ ಒಪ್ಪಿಗೆಯ ಮೇಲೆ, 12 ಅಂಕಿಗಳ ‘ಅಪಾರ್’ ಸಂಖ್ಯೆ.

ಇದರಿಂದ ಪ್ರಯೋಜನವುಂಟು. ಒಂದೇ ಮಗು ಎರಡು ಶಾಲೆಗಳ ಲೆಕ್ಕದಲ್ಲಿ ಸೇರಿದ್ದರೆ ಕಂಡುಹಿಡಿಯಬಹುದು. ನಡುವೆ ಶಾಲೆ ಬಿಟ್ಟವರು ಎಷ್ಟು ಮಂದಿ ಎಂಬುದರ ಜೊತೆಗೆ ಯಾರು ಎಂಬುದೂ ತಿಳಿಯುತ್ತದೆ.

ಆದರೆ ಯಂತ್ರವು ನಾವು ಬರೆದುದನ್ನೇ ಕಾಯುತ್ತದೆ. ಶಾಲೆಯ ದಾಖಲೆಗೂ ಆಧಾರ್ ಕಾರ್ಡಿಗೂ ಹೆಸರು ಹೊಂದದಿದ್ದರೆ ಅಪಾರ್ ಸಂಖ್ಯೆ ದೊರೆಯದು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನನ್ನು ಶಾಲೆಗೆ ಸೇರಿಸಿದ ದಿನ ತಂದೆಯವರು, ಬರೆದುದೇನೆಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತಿದರು. ಇಂತಹ ಮನೆಗಳ ಮಕ್ಕಳಿಗೆ ಒಂದಕ್ಷರದ ವ್ಯತ್ಯಾಸವೂ ಕಚೇರಿಯಿಂದ ಕಚೇರಿಗೆ ಅಲೆದಾಟವಾಗುತ್ತದೆ. ಅಲೆದ ಪ್ರತಿ ದಿನವೂ ತಂದೆಯ ಕೂಲಿ ಹೋಗುತ್ತದೆ.

ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ಮಗುವಿನ ಹೆಸರನ್ನು ಬರೆದೊಡನೆ ಅದನ್ನು ಪೋಷಕರಿಗೆ ಗಟ್ಟಿಯಾಗಿ ಓದಿ ಹೇಳೋಣ. ಕೇಂದ್ರದ ದಾಖಲೆ ಶುದ್ಧವಾಗಿರಬೇಕಾದರೆ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.