ಬಾಳೆಪಟ್ಟೆಯ ಬುಟ್ಟಿ ಮತ್ತು ಅದರ ಲೆಕ್ಕ



ಮಲೆನಾಡಿನ ತೋಟದ ಮನೆಗಳಲ್ಲಿ ಏನಾದರೊಂದು ಕೈಕೆಲಸ ಇಲ್ಲದ ಮನೆ ಅಪರೂಪ. ಮಳೆಗಾಲದಲ್ಲಿ ಜಗಲಿಯ ಮೇಲೆ ಒಬ್ಬರು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರೆ ಇನ್ನೊಬ್ಬರು ಅಡಿಕೆ ಹಾಳೆಯಲ್ಲಿ ಟೊಪ್ಪಿ ಹೊಲಿಯುತ್ತಿರುತ್ತಾರೆ, ಮತ್ತೊಬ್ಬರು ಹಳೆಯ ಸೀರೆಯ ಅಂಚಿನಲ್ಲಿ ಕೌದಿಗೆ ತೊಡಗಿರುತ್ತಾರೆ. ಸಂಘದ ಕಚೇರಿಗೆ ಗೊಬ್ಬರದ ಚೀಟಿಗೆಂದು ಬಂದವರು ಮಾತಿನ ನಡುವೆ, "ಮನೆಯಲ್ಲಿ ಬುಟ್ಟಿ ಚೆನ್ನಾಗಿ ಹೆಣೆಯುತ್ತಾರೆ, ಅದನ್ನೇ ಮಾರಿದರೆ ನಾಲ್ಕು ಕಾಸು ಆದೀತೇ?" ಎಂದು ಕೇಳುವುದು ಈಚೆಗೆ ಹೆಚ್ಚಾಗಿದೆ. ಕೊಳೆರೋಗಕ್ಕೆ ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿರುವಾಗ, ಎರಡು ಮೂರು ಎಕರೆಯವರಿಗೆ ಈ ಪ್ರಶ್ನೆ ಹರಟೆಯ ಮಾತಲ್ಲ. ಆದ್ದರಿಂದ ಈ ಸಂಚಿಕೆಯ ಪಾಠವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಈ ವಿಷಯದಲ್ಲಿ ನಮಗೆ ಇರುವ ಅರ್ಹತೆ ಎಂದರೆ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರು ಒಣಗಿದ ಬಾಳೆಪಟ್ಟೆಯನ್ನು ಸೀಳಿ, ಜಡೆ ಹೆಣೆದು, ಆ ಜಡೆಯನ್ನು ಸುತ್ತಿ ಹೊಲಿದು ಮುಚ್ಚಳವಿರುವ ಬುಟ್ಟಿಗಳನ್ನು ಮಾಡತೊಡಗಿದರು. ಮದುವೆ ಮುಂಜಿಗಳಲ್ಲಿ ಉಡುಗೊರೆ ಕೊಟ್ಟರು. ನೋಡಿದವರೆಲ್ಲ ಹೊಗಳಿದರು. ಹೀಗೆ ನೋಡಿದವರೊಬ್ಬರ ಮೂಲಕ ಬೆಂಗಳೂರಿನ ಒಂದು ಅಂಗಡಿಯಿಂದ 200 ಬುಟ್ಟಿಗೆ ಬೇಡಿಕೆ ಬಂತು. ಬೆಲೆ ಎಷ್ಟು ಎಂದು ಅವರು ಕೇಳಿದಾಗ ನಾವು ಒಂದು ಕ್ಷಣವೂ ಯೋಚಿಸದೆ, "ಪಟ್ಟೆ ನಮ್ಮ ತೋಟದ್ದೇ, ನೂರೈವತ್ತು ಕೊಡಿ" ಎಂದುಬಿಟ್ಟೆವು. ಆ ಮಾತು ಆಡಿದ್ದು ಮನೆಯವರಲ್ಲ, ನಾವು. ಪದವೀಧರರು, ಸಂಘದ ಲೆಕ್ಕಪತ್ರ ನೋಡುವವರು ಎಂಬ ಹೆಮ್ಮೆ ಬೇರೆ.

ಐದು ಮನೆಗಳ ಎಂಟು ಹೆಂಗಸರು ಸೇರಿ ಮೇ ತಿಂಗಳಲ್ಲಿ ಹೆಣೆಯಲು ಆರಂಭಿಸಿ ಜುಲೈ ಹೊತ್ತಿಗೆ ಮುಗಿಸಿದರು. ಜಡಿಮಳೆಯಲ್ಲಿ, ನೆನೆಯದಿರಲಿ ಎಂದು ಪ್ರತಿ ಬುಟ್ಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಸ್ಸಿಗೆ ಹಾಕಿದೆವು. ಹದಿನೈದು ದಿನದಲ್ಲಿ 80 ಬುಟ್ಟಿ ಹಿಂದಕ್ಕೆ ಬಂದವು. ಬಿಚ್ಚಿ ನೋಡಿದರೆ ಬೂಸ್ಟು. ಉಳಿದ 120ರ ಹಣ 18,000 ರೂಪಾಯಿ ಕೈಸೇರಲು ಎಂಟು ತಿಂಗಳು ಹಿಡಿಯಿತು. ಆ ಎಂಟು ಮಂದಿಯಲ್ಲಿ ಒಬ್ಬರು ಮಗಳ ಹಾಸ್ಟೆಲ್ ಶುಲ್ಕಕ್ಕೆ ಈ ಹಣವನ್ನೇ ನೆಚ್ಚಿದ್ದರು. ಕೊನೆಗೆ ಅವರು ಕಿವಿಯೋಲೆ ಅಡವಿಟ್ಟರೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಲೆಕ್ಕ ಮಾಡಿದೆವು. ಒಂದು ಬುಟ್ಟಿಗೆ ಸುಮಾರು 5 ಗಂಟೆ ಕೆಲಸ, ಅಂದರೆ ಒಟ್ಟು 1,000 ಗಂಟೆ. ಬಂದ 18,000ದಲ್ಲಿ ದಾರ, ಒಳಬಟ್ಟೆಗೆ 7,000 ಮತ್ತು ಸಾಗಣೆಗೆ 2,500 ಕಳೆದರೆ ಉಳಿದದ್ದು 8,500. ಗಂಟೆಗೆ ಎಂಟೂವರೆ ರೂಪಾಯಿ. ಈ ಕೂಲಿಗೆ ನಮ್ಮ ತೋಟದಲ್ಲಿ ಕಳೆ ತೆಗೆಯಲು ಬನ್ನಿ ಎಂದರೆ ಯಾರೂ ಬರಲಾರರು, ಕರೆಯಲು ನಮಗೂ ಬಾಯಿ ಬರಲಾರದು. ಮನೆಯ ಹೆಂಗಸರ ಕೆಲಸವಾದದ್ದರಿಂದ ನಮಗೆ ಅದು ಕಾಣಿಸಲಿಲ್ಲ, ಅಷ್ಟೆ.

ಬೆಲೆ ಕಟ್ಟುವ ಬಗೆ

ನಾವು ಬೆಳೆಗಾರರು ಬೆಲೆ ಹೇಳುವ ಅಭ್ಯಾಸವಿಲ್ಲದವರು. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಷ್ಟು ಕಾಲ ಕಾಫಿಯನ್ನು ಒಪ್ಪಿಸಿ ಕಂತಿನ ಹಣಕ್ಕೆ ಕಾಯುತ್ತಿದ್ದೆವು. 1990ರ ದಶಕದಲ್ಲಿ ಮುಕ್ತ ಮಾರಾಟ ಬಂದ ಮೇಲೂ ದರ ನಿರ್ಧಾರವಾಗುವುದು ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಗಳಲ್ಲಿ. ಅಡಿಕೆಗೂ ಮಂಡಿಯಲ್ಲಿ ಬಿದ್ದ ದರವೇ ದರ. ಆದರೆ ಬುಟ್ಟಿಗೆ ಮಂಡಿಯಿಲ್ಲ. ಅದರ ಬೆಲೆಯನ್ನು ಹೆಣೆದವರೇ ಕಟ್ಟಬೇಕು.

ಒಂದು ಬುಟ್ಟಿಯನ್ನೇ ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ದಿನಗೂಲಿಯನ್ನು 480 ರೂಪಾಯಿ, ದಿನಕ್ಕೆ 8 ಗಂಟೆ ಎಂದು ಹಿಡಿಯುವ. ನಿಮ್ಮ ಊರಿನ ಕೂಲಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಗಂಟೆಗೆ 60 ಆಯಿತು. ಪಟ್ಟೆ ಬಿಡಿಸಿ ಒಣಗಿಸಿ ಸೀಳಲು ಬುಟ್ಟಿಯೊಂದಕ್ಕೆ ಅರ್ಧ ಗಂಟೆ, ಜಡೆ ಮತ್ತು ಹೊಲಿಗೆಗೆ ನಾಲ್ಕು, ಅಂಚು ಕತ್ತರಿಸಿ ಒಳಬಟ್ಟೆ ಕೂರಿಸಲು ಅರ್ಧ: ಒಟ್ಟು 5 ಗಂಟೆಗೆ 300 ರೂಪಾಯಿ. ದಾರ, ಬಟ್ಟೆಗೆ 35. ಇಲ್ಲಿಗೆ 335. ಹತ್ತು ಒಳ್ಳೆಯದಾದರೆ ಒಂದು ಕೆಡುತ್ತದೆ, ಸೊಟ್ಟಗಾಗುತ್ತದೆ. ಕೆಟ್ಟದ್ದರ ಖರ್ಚನ್ನು ಒಳ್ಳೆಯದೇ ಹೊರಬೇಕು, ಅದಕ್ಕೆ 34. ಕಟ್ಟುವುದಕ್ಕೂ ಸಾಗಿಸುವುದಕ್ಕೂ 21. ಅಲ್ಲಿಗೆ ಬುಟ್ಟಿಯ ಅಸಲು 390 ರೂಪಾಯಿ. ನಾವು ಕೊಟ್ಟದ್ದು 150ಕ್ಕೆ!

ಅಸಲಿಗೆ ಮಾರಿದರೂ ಸಾಲದು. ಕತ್ತರಿ ಸೂಜಿ ಸವೆಯುತ್ತವೆ, ಮಾಲು ಕೆಲವು ತಿಂಗಳು ಕಪಾಟಿನಲ್ಲಿ ಕೂರುತ್ತದೆ, ಒಂದು ವರ್ಷ ಬೇಡಿಕೆಯೇ ಇರುವುದಿಲ್ಲ. ನೂರಕ್ಕೆ ಹತ್ತರಂತೆ 39 ಸೇರಿಸಿದರೆ 429. ಇದು ನಮ್ಮ ಕೈಗೆ ಬರಬೇಕಾದ ಹಣ. ಅಂಗಡಿಯವರು ಮಾರಿದ ಬೆಲೆಯಲ್ಲಿ ನೂರಕ್ಕೆ 40 ಇಟ್ಟುಕೊಳ್ಳುತ್ತಾರೆ ಎಂದುಕೊಳ್ಳಿ. ಇಲ್ಲಿಯೇ ಬಹಳ ಜನ ಎಡವುತ್ತಾರೆ. 429ಕ್ಕೆ ಅದರ ನೂರಕ್ಕೆ 40ನ್ನು ಕೂಡಿಸಿ 600 ಎಂದು ಬೆಲೆ ಹಾಕುತ್ತಾರೆ. ಆದರೆ ಅಂಗಡಿಯವರು 600ರಲ್ಲಿ 240 ತೆಗೆದುಕೊಂಡರೆ ನಮಗೆ ಉಳಿಯುವುದು 360, ಅಸಲಿಗಿಂತ 30 ಕಡಮೆ. ಕೂಡಿಸುವುದಲ್ಲ, ಭಾಗಿಸಬೇಕು. 429ನ್ನು 0.6ರಿಂದ ಭಾಗಿಸಿದರೆ 715. ಅದು ಅಂಗಡಿಯ ಬೆಲೆ.

ಬುಟ್ಟಿಗೆ 715 ಯಾರು ಕೊಡುತ್ತಾರೆ ಎಂದು ನೀವು ಕೇಳುವಿರಿ. ಕೊಡುವವರು ಕೆಲವರು ಇದ್ದಾರೆ, ಹೆಚ್ಚಿಲ್ಲ. ಹಾಗೆಂದು ಕೂಲಿಯನ್ನು ಕೆಳಗಿಳಿಸಬೇಡಿ. ಹೆಣೆಯುವ ವಸ್ತುವನ್ನು ಬದಲಾಯಿಸಿ. ಅದೇ ಜಡೆಯಲ್ಲಿ ಬಿಸಿಪಾತ್ರೆ ಇಡುವ ಸಿಂಬಿ ಮಾಡಲು ಒಂದು ಗಂಟೆ ಸಾಕು. ಕೂಲಿ 60, ದಾರ 6, ಕೆಟ್ಟದ್ದಕ್ಕೆ 7, ಸಾಗಣೆಗೆ 7, ಅಸಲು 80. ಮೇಲೆ ಎಂಟು ಸೇರಿಸಿ ಭಾಗಿಸಿದರೆ ಅಂಗಡಿಯಲ್ಲಿ 150ರ ಒಳಗೇ ನಿಲ್ಲುತ್ತದೆ. ನಾವು ಬುಟ್ಟಿಗೆ ಹೇಳಿದ ಬೆಲೆ ನ್ಯಾಯವಾಗಿ ಸಿಂಬಿಯ ಬೆಲೆ. ಮನೆಯವರಿಗೆ ಸಿಂಬಿ ಹೆಣೆಯುವುದೆಂದರೆ ಬೇಸರ, ಬುಟ್ಟಿಯಲ್ಲಿರುವ ಸಂತೋಷ ಅದರಲ್ಲಿಲ್ಲವಂತೆ. ಹವ್ಯಾಸಕ್ಕೂ ಕಸುಬಿಗೂ ಇರುವ ವ್ಯತ್ಯಾಸ ಅದೇ ಇರಬೇಕು. ಆದ್ದರಿಂದ ಈಗ ಅವರು ಮಾರಲು ಸಿಂಬಿ, ಮನಸ್ಸಿಗೆ ಬುಟ್ಟಿ ಎಂದು ಬೇರೆ ಮಾಡಿಕೊಂಡಿದ್ದಾರೆ. ಬುಟ್ಟಿಯನ್ನು ವರ್ಷಕ್ಕೆ ಹತ್ತೋ ಹನ್ನೆರಡೋ ಮಾಡಿ, ತಿಳಿದು ಕೊಳ್ಳುವವರಿಗೆ ಪೂರ್ಣ ಬೆಲೆಗೆ ಕೊಡುತ್ತಾರೆ.

ಇನ್ನೂ ಒಂದು ಮಾತು. ನಮಗೆ ತೋಟವಿದೆ, ಬುಟ್ಟಿ 150ಕ್ಕೆ ಹೋದರೂ ರಾತ್ರಿ ಊಟಕ್ಕೆ ತೊಂದರೆಯಿಲ್ಲ. ಆದರೆ ಸಂತೆಯಲ್ಲಿ ಬಿದಿರು ಬುಟ್ಟಿ ಇಟ್ಟು ಕೂರುವ ಮೇದಾರರಿಗೆ ಅದೇ ಅನ್ನ. ಹವ್ಯಾಸದವರು ಅಗ್ಗಕ್ಕೆ ಮಾರಿದರೆ ಕಸುಬಿನವರ ಬೆಲೆಯೂ ಕೆಳಗಿಳಿಯುತ್ತದೆ. ಸರಿಯಾದ ಬೆಲೆ ಹೇಳುವುದು ನಮ್ಮ ಲಾಭದ ವಿಚಾರ ಮಾತ್ರವಲ್ಲ.

ಪಟ್ಟೆ, ಹದ ಮತ್ತು ಮಳೆ

ಬಾಳೆಪಟ್ಟೆ ಪುಕ್ಕಟೆ ಎಂಬುದೂ ಅರ್ಧ ಸತ್ಯ. ಗೊನೆ ಕಡಿದ ಮೇಲೆ ದಿಂಡನ್ನು ತುಂಡರಿಸಿ ಅಡಿಕೆ ಮರದ ಬುಡಕ್ಕೆ ಹಾಕುವುದು ನಮ್ಮ ಹಿರಿಯರ ಪದ್ಧತಿ. ಅದರಲ್ಲಿ ಪೊಟ್ಯಾಷ್ ಹೇರಳವಾಗಿದೆ, ತೇವವನ್ನೂ ಹಿಡಿದಿಡುತ್ತದೆ. ಇಡೀ ದಿಂಡನ್ನು ಮನೆಗೆ ಹೊತ್ತರೆ ಆ ಗೊಬ್ಬರವನ್ನು ಚೀಲದಲ್ಲಿ ಕೊಳ್ಳಬೇಕಾಗುತ್ತದೆ. ಹೊರಗಿನ ನಾಲ್ಕೈದು ಪಟ್ಟೆ ಬಿಡಿಸಿಕೊಂಡು ಉಳಿದದ್ದನ್ನು ಬುಡಕ್ಕೇ ಬಿಡಿ. ಜಡೆಗೆ ಗಟ್ಟಿಯಾದದ್ದೂ ಹೊರಪಟ್ಟೆಯೇ. ಒಳಗಿನದು ಬೆಳ್ಳಗೆ ನಯವಾಗಿದ್ದರೂ ಬೇಗ ಹರಿಯುತ್ತದೆ.

ಮುಖ್ಯವಾದ ತೊಡಕು ಕಾಲದ್ದು. ನವೆಂಬರಿನಿಂದ ಮಾರ್ಚಿಯವರೆಗೆ ಅಡಿಕೆ ಸುಲಿತ, ಕಾಫಿ ಕೊಯ್ಲು, ಕೈಗೆ ಬಿಡುವಿಲ್ಲ. ಕೈ ಬಿಡುವಾಗುವುದು ಮಳೆಗಾಲದಲ್ಲಿ, ಏನೂ ಒಣಗದ ಕಾಲದಲ್ಲಿ. ಬಾಳೆಪಟ್ಟೆ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ನೋಡಲು ಒಣಗಿದಂತಿದ್ದರೂ ಆಷಾಢದ ಗಾಳಿಯಲ್ಲಿ ಮೆದುವಾಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಆ ತೇವ ಹೊರಹೋಗಲು ದಾರಿಯಿಲ್ಲದೆ ಬೂಸ್ಟು ಹಿಡಿಯುತ್ತದೆ. ನಮ್ಮ 80 ಬುಟ್ಟಿ ಕೆಟ್ಟದ್ದು ಹೀಗೆ. ಅಂಗಡಿಯವರ ತಪ್ಪು ಅದರಲ್ಲಿ ಇರಲಿಲ್ಲ. ಹಣ ತಡಮಾಡಿದ್ದು ಬೇರೆ ಮಾತು.

ಈಗ ನಾವು ಅನುಸರಿಸುವ ಕ್ರಮ ಹೀಗಿದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ವರ್ಷಕ್ಕೆ ಬೇಕಾದ ಪಟ್ಟೆಯನ್ನೆಲ್ಲ ಒಣಗಿಸಿ, ಸೀಳಿ, ಕಟ್ಟು ಕಟ್ಟಿ ಅಡುಗೆಮನೆಯ ಅಟ್ಟಕ್ಕೆ ಏರಿಸುತ್ತೇವೆ. ಒಲೆಯ ಶಾಖವೂ ಹೊಗೆಯೂ ಅದನ್ನು ಕಾಯುತ್ತವೆ. ಅಜ್ಜಿಯರು ಬೀಜದ ಬುಟ್ಟಿಯನ್ನು ಅಲ್ಲಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಗ್ಯಾಸ್ ಒಲೆ ಮಾತ್ರ ಇರುವ ಮನೆಯವರು ಬಚ್ಚಲ ಒಲೆಯ ಮೇಲುಗಡೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಕೈಗೆ ಸ್ವಲ್ಪ ನೀರು ತಾಗಿಸಿಕೊಂಡು ಜಡೆ ಹೆಣೆದು, ಹೆಣೆದ ಜಡೆಯನ್ನು ಮತ್ತೆ ಅಟ್ಟಕ್ಕೆ. ಸೆಪ್ಟೆಂಬರಿನಲ್ಲಿ ಬಿಸಿಲು ಕಂಡ ಮೇಲೆ ಹೊಲಿಗೆ. ನವರಾತ್ರಿ, ದೀಪಾವಳಿಗೆ ಮಾಲು ಹೊರಡುತ್ತದೆ, ಹಳೆಯ ಪತ್ರಿಕೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ. ಜೂನ್, ಜುಲೈ, ಆಗಸ್ಟಿನಲ್ಲಿ ಯಾರು ಎಷ್ಟು ಹಣ ಕೊಟ್ಟರೂ ಮಾಲು ಕಳಿಸುವುದಿಲ್ಲ.

ಕೊಳ್ಳುವವರು ಎಷ್ಟು ಮಂದಿ?

ಅಡಿಕೆ ಹಾಳೆಯ ತಟ್ಟೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಮನೆಮನೆಯಲ್ಲಿ ಕೈಯಿಂದಲೇ ಬಾಡಿಸಿ ಮಡಚುತ್ತಿದ್ದ ಹಾಳೆ ಬಿಸಿ ಅಚ್ಚಿನ ಯಂತ್ರಕ್ಕೆ ಬಂದು, 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳ ನಿಷೇಧವಾದ ಮೇಲೆ ಇನ್ನಷ್ಟು ಬೆಳೆಯಿತು. ಹಲವು ಘಟಕಗಳು ಅಮೆರಿಕದ ಬೇಡಿಕೆಯನ್ನೇ ನೆಚ್ಚಿ ಸಾಲ ಮಾಡಿ ಯಂತ್ರ ಹಾಕಿದವು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ ಹಾಳೆತಟ್ಟೆಯ ಆಮದಿಗೆ ತಡೆ ಒಡ್ಡಿತು. ಸರಿಯೋ ತಪ್ಪೋ ಎಂಬ ವಾದ ಬೇರೆ. ಒಬ್ಬನೇ ಕೊಳ್ಳುವವನನ್ನು ನೆಚ್ಚಿದವರ ಗೋದಾಮು ತುಂಬಿತು. ಸಣ್ಣ ಬುಟ್ಟಿಗೂ ಇದೇ ಅನ್ವಯ. ಒಂದು ಅಂಗಡಿಗೆ ವರ್ಷದ ಮಾಲಿನ ಮೂರನೆಯ ಒಂದಕ್ಕಿಂತ ಹೆಚ್ಚು ಕೊಡಬೇಡಿ ಎಂಬುದು ನಮ್ಮ ಸಲಹೆ. ಮೊದಲ ಸಲದ ಗಿರಾಕಿಯಿಂದ ಅರ್ಧ ಹಣ ಮುಂಗಡ ಕೇಳಿ. ನಾಚಿಕೆ ಬೇಡ. ಅಡಿಕೆ ಚೇಣಿಗೆ ಕೊಡುವಾಗ ಮುಂಗಡ ಕೇಳುವುದಿಲ್ಲವೇ?

ಕೂಡಿ ಮಾಡುವುದರ ಬಲಕ್ಕೆ ದೂರ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ 1996ರಲ್ಲಿ ಆರಂಭವಾದ 'ಚರಕ' ಮಹಿಳಾ ಸಹಕಾರಿ ಸಂಘ ಕೈಮಗ್ಗದ ಬಟ್ಟೆಗೆ ನಮ್ಮ ಅಡಿಕೆ ಚೊಗರಿನಿಂದ ಬಣ್ಣ ಕಟ್ಟುತ್ತದೆ. ಅಡಿಕೆ ಬೇಯಿಸಿದ ನೀರು ಬಣ್ಣವಾಗಿ ಬೆಲೆ ಪಡೆಯುವುದನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.

ಕಾಗದ ಪತ್ರಗಳ ವಿಚಾರ ಚಿಕ್ಕದಾಗಿ ಹೇಳುತ್ತೇವೆ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯೂ ಶುಲ್ಕ ಪಡೆಯುವುದಿಲ್ಲ. ಮಾಡಿಸಿಕೊಡುತ್ತೇವೆಂದು ಸಾವಿರ ಕೇಳುವವರಿಂದ ದೂರವಿರಿ. ವರ್ಷದ ಒಟ್ಟು ವಹಿವಾಟು 40 ಲಕ್ಷ ದಾಟದ ಸರಕು ವ್ಯಾಪಾರಕ್ಕೆ ರಾಜ್ಯದ ಒಳಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳಿಸುವಾಗ ನಿಯಮ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಿರಿ. ಬುಟ್ಟಿಯ ಹಣ ಕೃಷಿ ಆದಾಯವಲ್ಲ, ವ್ಯಾಪಾರದ ಆದಾಯ; ಅಡಿಕೆಯ ಲೆಕ್ಕದಲ್ಲಿ ಬೆರೆಸಬೇಡಿ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬುಟ್ಟಿ ಹೆಣೆಯುವುದೂ ಇದೆ, ಶೇಕಡ 5ರ ಬಡ್ಡಿಗೆ ಸಾಲವಿದೆ. ಆದರೆ ಅದು ತಲೆತಲಾಂತರದಿಂದ ಆ ಕೆಲಸದಲ್ಲೇ ಬದುಕುವವರಿಗೆಂದು ಇಟ್ಟದ್ದು. ತೋಟದ ಪಹಣಿ ಇಟ್ಟುಕೊಂಡು ಆ ಸಾಲಿನಲ್ಲಿ ನಿಲ್ಲುವುದು ನಮಗೆ ಸರಿ ಕಾಣುವುದಿಲ್ಲ. ಊರಿನ ಮೇದಾರರಿಗೆ ಅದರ ಅರ್ಜಿ ತುಂಬಲು ನೆರವಾಗಿ.

ಹಣವನ್ನು ಹೆಣೆದವರ ಹೆಸರಿನ ಖಾತೆಗೇ ಹಾಕಿಸಿ. ಇದನ್ನು ಸದಸ್ಯರಲ್ಲಿ ಗಂಡಸರಿಗೆ ವಿಶೇಷವಾಗಿ ಹೇಳುತ್ತಿದ್ದೇವೆ. ನಮ್ಮ ಮನೆಯಲ್ಲಿ ಈ ವ್ಯವಸ್ಥೆಯಾದ ಮೇಲೆ ಬುಟ್ಟಿಯ ಬೆಲೆ ಹೇಳುವ ಅಧಿಕಾರ ನಮ್ಮಿಂದ ತಪ್ಪಿದೆ. ಯಾರಾದರೂ ಕೇಳಿದರೆ ಒಳಗೆ ಕೈ ತೋರಿಸುತ್ತೇವೆ.

ಕೊಯ್ಲು ಮುಗಿದ ಮೇಲೆ, ಏಪ್ರಿಲ್ ಮೊದಲ ವಾರ, ಸಂಘದ ಗೋದಾಮಿನಲ್ಲಿ ಪಟ್ಟೆ ಒಣಗಿಸುವ ಹಾಗೂ ಬೆಲೆ ಕಟ್ಟುವ ಒಂದು ದಿನದ ಪಾಠ ಇಟ್ಟುಕೊಂಡಿದ್ದೇವೆ. ಬರುವವರು ತಾವು ಮಾಡಿದ ಯಾವುದಾದರೂ ಒಂದು ವಸ್ತುವನ್ನು, ಅದನ್ನು ಮಾಡಲು ಹಿಡಿದ ಸಮಯವನ್ನು ಬರೆದ ಚೀಟಿಯ ಸಮೇತ ತರಬೇಕು. ಸಮಯವನ್ನು ಗಡಿಯಾರ ನೋಡಿ ಬರೆದಿರಲಿ, ಅಂದಾಜು ಬೇಡ.